ನಾದಿದವಳ ರೊಟ್ಟಿ

ನಲವತ್ತೊಂದು ವರ್ಷದಿಂದ ಈ ಓಣಿಯ ರೊಟ್ಟಿ ಬೇಯಿಸುತ್ತಿದ್ದೇನೆ. ಇಷ್ಟು ವರ್ಷಗಳಲ್ಲಿ ಒಬ್ಬರ ರೊಟ್ಟಿ ಇನ್ನೊಬ್ಬರ ಹಲಗೆಗೆ ಹೋಗಿಲ್ಲ, ಗಿರಾಕಿಗಳ ಒಂದೇ ಒಂದು ರೊಟ್ಟಿ ಕಳೆದುಹೋಗಿಲ್ಲ. ಇದನ್ನು ಜಂಬ ಅನ್ನುವುದಾದರೆ ಅನ್ನಿ. ಸೆಫ್ರೂ ಊರಿನ ಹಳೇ ಪೇಟೆಯಲ್ಲಿ ಜಂಬಪಡಲು ನನಗೆ ಬೇರೇನೂ ಇಲ್ಲ.

ಹೆಂಗಸರು ಮನೆಯಲ್ಲಿ ಹಿಟ್ಟು ನಾದಿ, ತಟ್ಟಿ, ಹಲಗೆಯ ಮೇಲಿಟ್ಟು, ಬಟ್ಟೆ ಮುಚ್ಚಿ ನನ್ನ ಭಟ್ಟಿಗೆ ತರುತ್ತಾರೆ. ಹಸಿ ರೊಟ್ಟಿಯ ಮೇಲೆ ಪ್ರತಿ ಮನೆಯದೂ ಒಂದೊಂದು ಗುರುತು. ಲಲ್ಲಾ ತಾಮೊ ಫೋರ್ಕಿನಿಂದ ಮೂರು ಸಲ ಚುಚ್ಚುತ್ತಾಳೆ; ಹೆಂಗಸರನ್ನು ಮರ್ಯಾದೆಗೆ ನಾವು ಲಲ್ಲಾ ಅನ್ನುತ್ತೇವೆ. ಮೂಲೆಮನೆಯವರದು ಬೀಗದ ಕೈಯ ಅಚ್ಚು. ನನ್ನ ಮಗಳು ಬತೂಲ್ ಕಿರುಬೆರಳಿನಿಂದ ಎರಡು ಗುಳಿ ಒತ್ತುತ್ತಾಳೆ. ಅವಳ ತಾಯಿ, ನನ್ನ ಹೆಂಡತಿ ಯಾಮ್ನಾ, ಜಲ್ಲಾಬ ನಿಲುವಂಗಿಗಳಿಗೆ ರೇಷ್ಮೆ ದಾರದ ಗುಂಡಿ ಹೆಣೆಯುತ್ತಿದ್ದವಳು. ಸೂಜಿ ಚುಚ್ಚದಿರಲಿ ಎಂದು ಬೆರಳಿಗೆ ಹಾಕಿಕೊಳ್ಳುವ ಹಿತ್ತಾಳೆ ಟೋಪಿಯ ಬಾಯಿಂದಲೇ ರೊಟ್ಟಿಯ ಮೇಲೆ ಒತ್ತುತ್ತಿದ್ದಳು. ಟೋಪಿಯ ಅಂಚು ಒಂದು ಕಡೆ ಮುರಿದಿತ್ತು. ಹಾಗಾಗಿ ಅವಳ ಉಂಗುರದ ಗುರುತು ಪೂರ್ತಿ ಕೂಡುತ್ತಿರಲಿಲ್ಲ, ಒಂದು ಕಡೆ ಬಾಯಿ ಬಿಟ್ಟುಕೊಂಡಿರುತ್ತಿತ್ತು.

ಅವಳು ಹೋಗಿ ಹನ್ನೊಂದು ವರ್ಷವಾಯಿತು. ಬೆರಳಿನ ಟೋಪಿಯನ್ನು ಒಂದು ಚಹಾ ಡಬ್ಬಿಯೊಳಗಿಟ್ಟು ಭಟ್ಟಿಯ ಬಾಯಿ ಪಕ್ಕದ ಗೂಡಿನಲ್ಲಿ ಇಟ್ಟಿದ್ದೇನೆ. ತೆಗೆದು ನೋಡುವ ಅಭ್ಯಾಸವಿಲ್ಲ. ನನಗೆ ಕೆಲಸವಿದೆ.

ಬತೂಲ್ ವಿಷಯಕ್ಕೆ ಬರುತ್ತೇನೆ. ಮೂರು ಓಣಿ ಆಚೆ ಅವಳ ಗಂಡನ ಮನೆ. ಗಂಡ ಜವಾದ್ ಫೆಸ್ ಊರಿಗೆ ಟ್ಯಾಕ್ಸಿ ಓಡಿಸುತ್ತಾನೆ. ಅತ್ತೆ ಲಲ್ಲಾ ಸ್ಫಿಯಾ ಇದ್ದಾಳೆ, ಏಳು ವರ್ಷದ ಹಿಬಾ, ನಾಲ್ಕು ವರ್ಷದ ಇಲ್ಯಾಸ್ ಇದ್ದಾರೆ. ಹೋದ ವರ್ಷದವರೆಗೆ ಆ ಮನೆಯಿಂದ ದಿನಕ್ಕೆ ಒಂಬತ್ತು ರೊಟ್ಟಿ ಬರುತ್ತಿತ್ತು. ಅಷ್ಟು ತಿನ್ನುವವರು ಅಲ್ಲಿ ಯಾರೂ ಇಲ್ಲ ಎಂದು ನನಗೆ ಗೊತ್ತಿತ್ತು. ಹೇಳಲು ಹೋಗಲಿಲ್ಲ. ಭಟ್ಟಿಯವನು ಜಾಸ್ತಿ ರೊಟ್ಟಿ ಯಾಕೆ ಎಂದು ಕೇಳಿದರೆ ಭಟ್ಟಿ ಮುಚ್ಚಬೇಕಾಗುತ್ತದೆ.

ಮಿಕ್ಕ ರೊಟ್ಟಿ ಒಣಗುತ್ತದೆ. ಒಣಗಿದ್ದನ್ನು ಕಸಕ್ಕೆ ಹಾಕುವ ಹಾಗಿಲ್ಲ, ರೊಟ್ಟಿ ದೇವರು ಕೊಟ್ಟದ್ದು. ಚೀಲಕ್ಕೆ ತುಂಬಿ ಬಾಗಿಲ ಮೊಳೆಗೆ ನೇತುಹಾಕುತ್ತೇವೆ. ಖದ್ದೂರ್ ಎಂಬವನು ಕತ್ತೆ ಹೊಡೆದುಕೊಂಡು ಬಂದು ಕುರಿಗಳಿಗೆಂದು ಒಯ್ಯುತ್ತಾನೆ. ಒಂದು ದಿನ ಅವನು ಬತೂಲಳ ಬಾಗಿಲಲ್ಲಿ ನಿಂತು, ಓಣಿಗೆಲ್ಲ ಕೇಳುವ ಹಾಗೆ, "ಲಲ್ಲಾ ಬತೂಲ್, ನಿಮ್ಮ ಮನೆ ಒಂದಿದ್ರೆ ಸಾಕು, ನನ್ನ ಕುರಿಗಳು ಬೇರೆ ಬಾಗಿಲೇ ನೋಡಲ್ಲ" ಅಂದನಂತೆ. ಅವನು ಹೊಗಳಿದ್ದು. ಅವಳಿಗೆ ಕೆನ್ನೆಗೆ ಹೊಡೆದ ಹಾಗಾಯಿತು.

ಆ ವಾರವೇ ಬೀದಿಯ ಮಹಿಳಾ ಸಂಘದಲ್ಲಿ ಯಾರೋ ಬಂದು, ಮನೆಮನೆಯಲ್ಲಿ ಎಷ್ಟು ನೀರು, ಎಷ್ಟು ಗ್ಯಾಸು, ಎಷ್ಟು ಹಿಟ್ಟು ಹಾಳಾಗುತ್ತದೆ, ಊರ ಹೊಳೆ ಯಾಕೆ ಇಷ್ಟು ಸೊರಗಿದೆ ಎಂದೆಲ್ಲ ಹೇಳಿದರು. ಬತೂಲ್ ಮನೆಗೆ ಬಂದವಳೇ ಅಡುಗೆಮನೆ ಬಾಗಿಲು ಹಾಕಿಕೊಂಡು ಕಪಾಟು ಖಾಲಿ ಮಾಡಿದಳು. ನನ್ನ ಮಗಳು ಹಿಡಿದ ಹಟ ಬಿಡುವವಳಲ್ಲ, ಆ ಹಟ ನನ್ನದೇ. ಅಂಗಡಿಯ ಪ್ಲಾಸ್ಟಿಕ್ ಚೀಲ ನಿಂತಿತು. ಪಾತ್ರೆ ತೊಳೆದ ನೀರು ಪುದೀನಾ ಕುಂಡಕ್ಕೆ ಹೋಯಿತು. ಜವಾದ್‌ನ ಹಳೇ ಅಂಗಿ ಇಲ್ಯಾಸ್‌ನ ಚಡ್ಡಿಯಾಯಿತು. ಹಿಟ್ಟು ಅಳೆಯಲು ತಕ್ಕಡಿ ಬಂತು. ಅಲ್ಲಿಯವರೆಗೆ ಆ ಮನೆಯಲ್ಲಿ ಹಿಟ್ಟನ್ನು ಬೊಗಸೆಯಲ್ಲಿ ಬಿಟ್ಟರೆ ಬೇರೆ ಯಾವುದರಲ್ಲೂ ಅಳೆದವರಿಲ್ಲ.

ಒಂಬತ್ತು ರೊಟ್ಟಿ ಏಳಾಯಿತು, ಏಳು ಆರಾಯಿತು. ಬಾಗಿಲ ಚೀಲ ಸೊರಗಿ ಜೋತುಬಿತ್ತು.

"ಎಲ್ಲರೂ ನಿನ್ನ ಹಾಗಾದ್ರೆ ನಾನು ಭಟ್ಟೀಲಿ ನನ್ನ ಗಡ್ಡ ಬೇಯಿಸ್ಕೊಂಡು ತಿನ್ಬೇಕು," ಅಂದೆ.

"ನಿನ್ನ ಗಡ್ಡಕ್ಕೂ ಸೌದೆ ದಂಡ ಅಪ್ಪಾ," ಅಂದಳು. ನಕ್ಕಳು. ಮುಖದಲ್ಲಿ ಒಂದು ಬೆಳಕಿತ್ತು, ಸುಳ್ಳು ಹೇಳುವುದಿಲ್ಲ. ನನಗೆ ಒಳಗೊಳಗೇ ಹೆಮ್ಮೆಯಾಯಿತು. ಓಣಿಯಲ್ಲಿ ಇನ್ನೂ ನಾಲ್ಕು ಮನೆಯವರು ಅವಳನ್ನು ನೋಡಿ ತಕ್ಕಡಿ ತಂದರು.

ಚೆರ್ರಿ ಹಣ್ಣು ಮಾರುಕಟ್ಟೆಗೆ ಬಂದ ವಾರ ಆರು ನಾಲ್ಕಾಯಿತು. ಹಲಗೆ ಇಳಿಸಿ, "ನಾಲ್ಕೇ, ಸರಿಯಾಗಿ," ಅಂದಳು. ಬಟ್ಟೆ ತೆಗೆದೆ. ನಾಲ್ಕು ರೊಟ್ಟಿ, ನಾಲ್ಕರ ಮೇಲೂ ಎರಡೆರಡು ಗುಳಿ, ಒಂದು ಅಂಗೈ ಅಗಲದ ಜಾಗ ಬಿಟ್ಟು ಓರಣವಾಗಿ ಕೂತಿದ್ದವು. ಮರದ ಸಲಿಕೆಯಲ್ಲಿ ಒಂದೊಂದಾಗಿ ಭಟ್ಟಿಯ ಬಲಗಡೆಗೆ ತಳ್ಳಿದೆ. ಕಾವು ಅಲ್ಲಿ ಚೆನ್ನಾಗಿ ಬರುತ್ತದೆ.

ನನ್ನ ಭಟ್ಟಿಯ ಒಳಗೆ ಹಿಂದಿನ ಎಡಮೂಲೆ ಒಂದು ದರಿದ್ರ ಜಾಗ. ಹೊಗೆ ಅಲ್ಲಿ ಸುತ್ತುತ್ತದೆ, ರೊಟ್ಟಿ ಒಂದು ಕಡೆ ಕಪ್ಪಾಗಿ ಇನ್ನೊಂದು ಕಡೆ ಬಿಳಿಯಾಗಿ ಉಳಿಯುತ್ತದೆ. ಗಿರಾಕಿಗಳ ರೊಟ್ಟಿ ಅಲ್ಲಿಡುವ ಹಾಗಿಲ್ಲ. ಹಿಂದೆ ನಮ್ಮ ಮನೆಯ ರೊಟ್ಟಿ ಅಲ್ಲಿಡುತ್ತಿದ್ದೆ. ಈಗ ಸೊಸೆ ಮನೆಯಲ್ಲೇ ಗ್ಯಾಸಿನ ಮೇಲೆ ಬೇಯಿಸುತ್ತಾಳೆ, ಆ ಮೂಲೆ ಖಾಲಿ ಬಿದ್ದಿದೆ.

ಆ ದಿನ ಬೆಳಗಿನ ಹಲಗೆಗಳನ್ನೆಲ್ಲ ಮುಗಿಸಿ, ಭಟ್ಟಿಯ ನೆಲ ಗುಡಿಸಲೆಂದು ಸಲಿಕೆ ಒಳಗೆ ಹಾಕಿದೆ. ಎಡಮೂಲೆಯಲ್ಲಿ ಏನೋ ತಗುಲಿತು. ಎಳೆದೆ. ರೊಟ್ಟಿ. ಒಂದು ಕಡೆ ಕಪ್ಪು, ಒಂದು ಕಡೆ ಬಿಳಿ.

ಯಾರದೋ ಬಿಟ್ಟುಹೋಯಿತಲ್ಲ ಎಂದು ನನಗೆ ಬೆವರು ಬಂತು. ಹೊತ್ತುಕೊಂಡು ಹೋದ ಹಲಗೆಗಳ ಮನೆಮನೆಗೆ ಹೋಗಿ ಕೇಳಿದೆ. ಯಾರಿಗೂ ಕಡಿಮೆ ಬಿದ್ದಿರಲಿಲ್ಲ. ವಾಪಸು ಬಂದು ರೊಟ್ಟಿಯನ್ನು ಬೆಳಕಿಗೆ ಹಿಡಿದೆ. ನಡುವಿನಿಂದ ಸ್ವಲ್ಪ ಪಕ್ಕಕ್ಕೆ, ಸಣ್ಣ ಉಂಗುರದ ಗುರುತು. ಒಂದು ಕಡೆ ಬಾಯಿ ಬಿಟ್ಟಿತ್ತು.

ನಾನು ಕೂತೆ. ಕೊನೆಗೆ ಎದ್ದು ಗೂಡಿನಲ್ಲಿದ್ದ ಚಹಾ ಡಬ್ಬಿ ನೋಡಿದೆ. ಮುಚ್ಚಳದ ಮೇಲೆ ಬೆರಳು ದಪ್ಪ ಮಸಿ, ಗೂಡಿನ ಬಾಯಿಗೆ ಜೇಡರ ಬಲೆ. ಯಾರೂ ಮುಟ್ಟಿರಲಿಲ್ಲ. ಕಲ್ಲೋ ಇದ್ದಿಲ ಚೂರೋ ಒತ್ತಿದ ಗುರುತು ಇದು, ವಯಸ್ಸಾಯಿತು ನಿನಗೆ ಬೂಶ್ತಾ, ಎಂದು ನನಗೆ ನಾನೇ ಹೇಳಿಕೊಂಡೆ. ರೊಟ್ಟಿಯನ್ನು ಗೂಡಿನ ಪಕ್ಕದ ಕಟ್ಟೆಯ ಮೇಲಿಟ್ಟೆ.

ಮರುದಿನ ಬತೂಲ್ ನಾಲ್ಕು ತಂದಳು. ನಾನು ಗಟ್ಟಿಯಾಗಿ ಎಣಿಸಿ ಒಳಗಿಟ್ಟೆ. ಅವಳ ಹಲಗೆ ತುಂಬಿಸುವಾಗ ನಾಲ್ಕು ತೆಗೆದು, ಸುಮ್ಮನೆ, ಎಡಮೂಲೆಗೂ ಸಲಿಕೆ ಹಾಕಿದೆ. ಬಂತು. ಅವಳು ಎದುರಿಗೇ ನಿಂತಿದ್ದಳು.

"ಇದ್ಯಾರ್ದು?" ಅಂದಳು.

"ನಿನ್ನ ಜೊತೆ ಬಂದಿದ್ದು."

"ನಾನು ನಾಲ್ಕು ತಂದಿದ್ದು. ನೀನೇ ಎಣಿಸಿದೆ."

"ಎಣಿಸಿದೆ."

ಅವಳ ಮುಖ ಗಂಟಾಯಿತು. "ಅಪ್ಪಾ, ನನಗೆ ದಾನ ಬೇಕಾಗಿಲ್ಲ. ನಿನ್ನ ಹಿಟ್ಟಲ್ಲಿ ಒಂದು ತಟ್ಟಿ ಸೇರಿಸಿ ಕಳಿಸ್ತಿದೀಯ. ನಾನು ಕಷ್ಟಪಟ್ಟು ಕಡಿಮೆ ಮಾಡೋದು, ನೀನು ಹಿಂದಿನಿಂದ ತುಂಬೋದು. ಇದೇನು ಆಟ?"

"ನನ್ನ ಜನ್ಮದಲ್ಲಿ ಹಿಟ್ಟು ಮುಟ್ಟಿದವನಲ್ಲ ನಾನು. ನಾದೋದು ಹೇಗೆ ಅಂತ ಗೊತ್ತಿಲ್ಲ."

"ಸುಳ್ಳು ಹೇಳೋಕೂ ಬರಲ್ಲ ನಿಂಗೆ," ಅಂದು ಹಲಗೆ ಎತ್ತಿದಳು. ಎತ್ತುವಾಗ ಕೈಯ ಬೆಳ್ಳಿ ಬಳೆ ಮೊಣಕೈವರೆಗೆ ಜಾರಿತು. ಮದುವೆಯಲ್ಲಿ ಆ ಬಳೆ ತೊಡಿಸಲು ಸೋಪು ಹಚ್ಚಬೇಕಾಗಿತ್ತು.

"ಸೊರಗಿದೀಯ," ಅಂದೆ.

"ಹಗುರಾಗಿದೀನಿ," ಅಂದು ಹೊರಟಳು. ಐದನೆಯದು ಕಟ್ಟೆಯ ಮೇಲೆ ಉಳಿಯಿತು.

ಮೂರನೆಯ ದಿನವೂ ಬಂತು. ನಾಲ್ಕನೆಯ ದಿನ ಲಲ್ಲಾ ತಾಮೊಳನ್ನು ಸಾಕ್ಷಿಗೆ ನಿಲ್ಲಿಸಿಕೊಂಡೆ. ಅವಳ ಕಣ್ಣು ತಪ್ಪಿಸಿ ಓಣಿಯಲ್ಲಿ ಬೆಕ್ಕು ಕೂಡ ದಾಟುವುದಿಲ್ಲ. ಬತೂಲಳ ನಾಲ್ಕು ಒಳಗೆ ಹೋದದ್ದನ್ನು ಅವಳು ಬೆರಳು ಮಡಚಿ ಎಣಿಸಿದಳು. ಎಡಮೂಲೆಯನ್ನು ಬಗ್ಗಿ ನೋಡಿ, ಖಾಲಿ ಅಂದಳು. ಅರ್ಧ ತಾಸು ನಾವಿಬ್ಬರೂ ಭಟ್ಟಿಯ ಬಾಯಿಯೆದುರು ಕದಲಲಿಲ್ಲ. ನಾಲ್ಕು ತೆಗೆದೆ. ಎಡಮೂಲೆಗೆ ಸಲಿಕೆ ಹಾಕಿದೆ. ಸಲಿಕೆಗೆ ಭಾರ ಬಂತು.

ಲಲ್ಲಾ ತಾಮೊ ಬಟ್ಟೆಯ ತುದಿಯಿಂದ ಬಾಯಿ ಮುಚ್ಚಿಕೊಂಡು, ಕಸುಬುದಾರರನ್ನು ಕರೆಯುವ ಮರ್ಯಾದೆಯ ಮಾತಿನಲ್ಲಿ, "ಮಾಲೆಮ್, ಜಾಗದ ಒಡೆಯರು ಬಂದಿದಾರೆ. ಮೂಲೆಗೆ ಉಪ್ಪು ಹಾಕಿ, ಧೂಪ ಹಾಕಿ," ಅಂದಳು. ಜಿನ್ನುಗಳನ್ನು ನಮ್ಮಲ್ಲಿ ಹೆಸರು ಹಿಡಿದು ಕರೆಯುವುದಿಲ್ಲ, ಜಾಗದ ಒಡೆಯರು ಅನ್ನುತ್ತೇವೆ.

"ಜಾಗದ ಒಡೆಯರು ಇರೋದನ್ನ ಎತ್ಕೊಂಡು ಹೋಗ್ತಾರೆ ಲಲ್ಲಾ. ತಂದುಕೊಡ್ತಾರಾ?"

"ಹಾಗಾದ್ರೆ ನಿಮಗೆ ಗೊತ್ತಿರೋರೇ ಯಾರೋ," ಅಂದಳು. ರೊಟ್ಟಿಯ ಮೇಲಿನ ಉಂಗುರವನ್ನು ನೋಡಿದಳು. ಅವಳೂ ಯಾಮ್ನಾಳ ಜೊತೆ ಇಪ್ಪತ್ತು ವರ್ಷ ಇದೇ ಬಾಗಿಲಲ್ಲಿ ಹಲಗೆ ಹೊತ್ತು ನಿಂತವಳು. ತನ್ನ ಹಲಗೆ ಎತ್ತಿಕೊಂಡು, ಹಿಂದೆ ತಿರುಗದೆ ಹೋದಳು. ಮಾರನೆಯ ದಿನ ಅವಳ ರೊಟ್ಟಿ ಕೆಳಬೀದಿಯ ಭಟ್ಟಿಗೆ ಹೋಯಿತು.

ಐದನೆಯ ದಿನ ಬೆರಳಿನ ಟೋಪಿಯನ್ನು ಡಬ್ಬಿಯಿಂದ ತೆಗೆದು ನನ್ನ ಜೇಬಿಗೆ ಹಾಕಿಕೊಂಡೆ. ಬೆಳಗ್ಗೆಯಿಂದ ಒಂದು ಕೈ ಜೇಬಿನಲ್ಲೇ ಇತ್ತು. ಆದರೂ ಎಡಮೂಲೆಯಿಂದ ಬಂದ ರೊಟ್ಟಿಯ ಮೇಲೆ ಗುರುತು ಬಿದ್ದಿತ್ತು. ಟೋಪಿಯ ಬಾಯಿಯನ್ನು ರೊಟ್ಟಿಯ ಉಂಗುರದ ಮೇಲಿಟ್ಟು ನೋಡಿದೆ. ಮುರಿದ ಕಡೆಗೆ ಮುರಿದ ಕಡೆ ಸರಿಯಾಗಿ ಕೂತಿತು.

ಕಟ್ಟೆಯ ಮೇಲೆ ಈಗ ಐದು ರೊಟ್ಟಿ ಸಾಲಾಗಿದ್ದವು. ಮೊದಲನೆಯದಕ್ಕೆ ಐದು ದಿನ ತುಂಬಿತ್ತು, ಒಣಗಿ ಕೊರಡಾಗಿರಬೇಕು ಎಂದು ಕೈಯಿಟ್ಟೆ. ಬೆಚ್ಚಗಿತ್ತು. ಮಲಗಿದ ಮಗುವಿನ ಹೊಟ್ಟೆ ಮುಟ್ಟಿದ ಹಾಗೆ ಮೆತ್ತಗೆ, ಬೆಚ್ಚಗೆ. ಐದೂ ಹಾಗೇ ಇದ್ದವು. ನನಗೆ ಹೆದರಿಕೆಯಾಯಿತು.

ಐದನ್ನೂ ಬಟ್ಟೆಯಲ್ಲಿ ಕಟ್ಟಿಕೊಂಡು, ಭಟ್ಟಿಯ ಬಾಯಿಗೆ ತಗಡು ಮುಚ್ಚಿ, ಮಧ್ಯಾಹ್ನದ ಊಟದ ಹೊತ್ತಿಗೆ ಮಗಳ ಮನೆಗೆ ಹೋದೆ. ಶುಕ್ರವಾರ ಬಿಟ್ಟು ಬೇರೆ ದಿನ ನಾನು ಅಲ್ಲಿ ಉಂಡವನಲ್ಲ. ಶುಕ್ರವಾರ ಗೋಧಿ ರವೆಯ ಕುಸ್ಕುಸ್. ಒಂದೇ ದೊಡ್ಡ ತಟ್ಟೆ, ಎಲ್ಲರೂ ಸುತ್ತ ಕೂತು ತಿನ್ನುವುದು, ರೊಟ್ಟಿಯ ಮಾತೇ ಇಲ್ಲ. ಯಾರು ಎಷ್ಟು ತಿಂದರು, ಯಾರು ತಿನ್ನಲಿಲ್ಲ, ಯಾರಿಗೆ ಗೊತ್ತಾಗುತ್ತದೆ?

ನನ್ನನ್ನು ನೋಡಿ ಲಲ್ಲಾ ಸ್ಫಿಯಾ, "ಮಾಲೆಮ್ ಬೂಶ್ತಾ ಬಂದ್ರು, ಇವತ್ತು ಸೂರ್ಯ ಯಾವ ಕಡೆ ಹುಟ್ಟಿದಾನೆ ನೋಡಮ್ಮ ಹಿಬಾ," ಅಂದಳು. ಜವಾದ್ ಜಾಗ ಬಿಟ್ಟು ದಿಂಬು ಕೊಟ್ಟ. ಒಳ್ಳೆ ಹುಡುಗ ಅವನು, ಕೆಟ್ಟದ್ದು ಹೇಳಲಾರೆ. ನಡುವೆ ಮಣ್ಣಿನ ಪಾತ್ರೆಯಲ್ಲಿ ಬೇಯಿಸಿದ ತಾಜೀನ್ ಇತ್ತು, ಬಟಾಣಿ ಮತ್ತು ಸ್ವಲ್ಪ ಮಾಂಸ. ಮನೆ ತೊಳೆದಿಟ್ಟ ಹಾಗೆ ಚೊಕ್ಕಟವಾಗಿತ್ತು. ಬೇಡದ್ದು ಒಂದೂ ಇರಲಿಲ್ಲ. ಕಪಾಟಿನಲ್ಲಿ ಲೋಟಗಳು ಕೂಡ ಎಣಿಸಿಟ್ಟ ಹಾಗಿದ್ದವು. ನನಗೆ ಊಟವಾಗಿದೆ ಎಂದು ಸುಳ್ಳು ಹೇಳಿ, ಗಂಟನ್ನು ಬೆನ್ನ ಹಿಂದಿಟ್ಟು, ಗೋಡೆಗೆ ಒರಗಿ ಕೂತು ನೋಡಿದೆ.

ಬತೂಲ್ ರೊಟ್ಟಿ ಮುರಿದಳು. ಒಂದು ಗಂಡನ ಮುಂದೆ, ಒಂದು ಅತ್ತೆಯ ಮುಂದೆ, ಒಂದೊಂದು ಮಕ್ಕಳ ಮುಂದೆ. ಮಕ್ಕಳದರಲ್ಲಿ ಅರ್ಧ ಸಂಜೆಯ ಚಹಾಕ್ಕೆ ಎಂದು ಎತ್ತಿಟ್ಟಳು. ಆಮೇಲೆ ಉಪ್ಪು ತರಲು ಎದ್ದಳು. ಉಪ್ಪು ತಂದು ನೀರಿಗೆ ಹೋದಳು. ನೀರಿಟ್ಟು ಇಲ್ಯಾಸ್‌ನ ಮೂಗು ಒರೆಸಿದಳು, ಅವನ ತುತ್ತು ಕಲಸಿಕೊಟ್ಟಳು, ಚಹಾಕ್ಕೆ ನೀರಿಟ್ಟಳು. ಎಲ್ಲರ ಊಟ ಮುಗಿದ ಮೇಲೆ ಕೂತು, ಮೇಜಿನ ಮೇಲೆ ಉದುರಿದ ಪುಡಿಯನ್ನು ಅಂಗೈ ಅಂಚಿನಿಂದ ಒಟ್ಟುಮಾಡಿ, ಒದ್ದೆ ಬೆರಳಿನಿಂದ ಎತ್ತಿ ಬಾಯಿಗೆ ಹಾಕಿಕೊಂಡಳು.

"ನೋಡಪ್ಪಾ," ಅಂದಳು, "ಒಂದು ಚೂರು ಹಾಳಾಗಲಿಲ್ಲ. ಚೀಲ ನೇತುಹಾಕೋ ಮೊಳೆ ಕೂಡ ಕಿತ್ತುಹಾಕಿದೀನಿ." ಹೇಳುವಾಗ ಅವಳ ಕಣ್ಣು ಹೊಳೆಯುತ್ತಿತ್ತು. ಕಣ್ಣಿನ ಸುತ್ತ ಮಾತ್ರ ಕಪ್ಪಿತ್ತು.

"ಹಿಟ್ಟು ಯಾವ ಲೆಕ್ಕದಲ್ಲಿ ತೂಗ್ತೀಯ?" ಅಂದೆ.

"ತಲೆಗೊಂದು ರೊಟ್ಟಿ. ಸಂಘದಲ್ಲಿ ಹಾಗೇ ಹೇಳಿಕೊಟ್ಟಿದ್ದು."

"ತಲೆ ಎಷ್ಟು?"

ಹೆಬ್ಬೆರಳಿನಿಂದ ಬೆರಳ ಗೆಣ್ಣು ಮುಟ್ಟುತ್ತ ಎಣಿಸಿದಳು. "ಜವಾದ್. ಲಲ್ಲಾ. ಹಿಬಾ. ಇಲ್ಯಾಸ್. ನಾಲ್ಕು."

"ಇನ್ನೊಂದ್ಸಲ ಎಣಿಸು."

"ಜವಾದ್, ಲಲ್ಲಾ, ಹಿಬಾ, ಇಲ್ಯಾಸ್." ಹೆಬ್ಬೆರಳು ನಾಲ್ಕನೆಯ ಗೆಣ್ಣಿನ ಮೇಲೆ ನಿಂತಿತು. "ನಾಲ್ಕು. ಯಾಕೆ?"

ನಾನು ಜವಾದ್‌ನ ಕಡೆ ನೋಡಿದೆ. ಅವನೂ ಮನಸ್ಸಿನಲ್ಲಿ ಎಣಿಸುತ್ತಿದ್ದ, ತುಟಿ ಅಲುಗುತ್ತಿತ್ತು. ಅವನಿಗೂ ಏನೂ ತಪ್ಪು ಕಾಣಲಿಲ್ಲ. ಹಾಡಹಗಲು, ಕಿಟಕಿಯಿಂದ ಬಿಸಿಲು ಬೀಳುತ್ತಿತ್ತು, ಚಹಾ ಕುದಿಯುತ್ತಿತ್ತು. ನನ್ನನ್ನು ಬಿಟ್ಟು ಆ ಕೋಣೆಯಲ್ಲಿ ಐದು ಜನ ಕೂತಿದ್ದರು, ಐದು ಜನಕ್ಕೂ ನಾಲ್ಕೇ ಕಾಣುತ್ತಿತ್ತು. ಭಟ್ಟಿಯ ಮುಂದೆ ಕೂಡ ಅಷ್ಟು ಹೆದರಿರಲಿಲ್ಲ.

"ಬತೂಲ್ ಎಲ್ಲಿ?" ಅಂದೆ.

ಅವಳಿಗೆ ಅರ್ಥವಾಗಲಿಲ್ಲ. "ಇಲ್ಲೇ ಇದೀನಲ್ಲಪ್ಪಾ."

"ಎಣಿಕೇಲಿ ಎಲ್ಲಿ?"

ಲಲ್ಲಾ ಸ್ಫಿಯಾ ಮೊದಲು ಬಾಯಿ ಬಿಟ್ಟಳು. "ನಾದೋಳನ್ನ ಯಾರು ಎಣಿಸ್ತಾರೆ ಮಾಲೆಮ್? ನನ್ನನ್ನೂ ಎಣಿಸ್ತಿರ್ಲಿಲ್ಲ. ನಾದೋ ಪರಾತಕ್ಕೆ ಅಂಟಿದ್ದನ್ನ ಕೆರೆದು ಕೊನೇಲಿ ಒಂದು ತಟ್ಟೋದು, ಅದು ನಾದಿದೋಳದ್ದು. ಗುರುತು ಹಾಕದೇ ಇದ್ರೂ ಎಲ್ಲರಿಗೂ ಗೊತ್ತಿರುತ್ತೆ."

ಅದು ನಿಜ. ಎಲ್ಲ ಹಲಗೆಯಲ್ಲೂ ಮೂಲೆಯಲ್ಲೊಂದು ಸೊಟ್ಟ ರೊಟ್ಟಿ ಇರುತ್ತದೆ. ನಾನೇ ಸಾವಿರಾರು ಬೇಯಿಸಿದ್ದೇನೆ. ಬತೂಲಳ ಹಲಗೆಯಲ್ಲಿ ಅದು ಯಾವಾಗ ನಿಂತಿತು ಎಂದು ಯೋಚಿಸಿದೆ. ನೆನಪಾಗಲಿಲ್ಲ.

"ಪರಾತ ಕೆರೆದಿದ್ದು ಏನು ಮಾಡ್ತೀಯ?" ಅಂದೆ.

"ನಾಳೆ ಹಿಟ್ಟು ಉಬ್ಬಿಸೋ ಹುಳಿಗೆ ಎತ್ತಿಡ್ತೀನಿ," ಅಂದಳು. ದನಿ ಸಣ್ಣದಾಗಿತ್ತು. "ತಕ್ಕಡೀಲಿ ತೂಗಿದ್ರೆ ಜಾಸ್ತಿ ಅಂಟಲ್ಲ. ಅಂಟಿದ್ದೂ ದಂಡ ಆಗಬಾರ್ದು ಅಂತ. ಮೊದಲು ಮಿಕ್ಕಿದ್ದು ತಿಂತಿದ್ದೆ. ಈಗ ಮಿಗೋದೇ ಇಲ್ಲ." ಮಾತು ನಿಲ್ಲಿಸಿದಳು. ತನ್ನ ಕೈಯನ್ನು ತಾನೇ ನೋಡಿಕೊಂಡಳು, ಯಾರದೋ ಕೈ ನೋಡುವವಳ ಹಾಗೆ. "ಕೆಲಸದಲ್ಲಿ ಹಸಿವು ಗೊತ್ತಾಗಲ್ಲ ಅಪ್ಪಾ. ಅಡುಗೆ ಮಾಡ್ತಾ ಮಾಡ್ತಾನೇ ಹೊಟ್ಟೆ ತುಂಬುತ್ತೆ."

ಆ ಮಾತನ್ನು ನಾನು ಮೊದಲೂ ಕೇಳಿದ್ದೆ. ಅದೇ ದನಿಯಲ್ಲಿ, ಅದೇ ಹೊತ್ತಿನಲ್ಲಿ, ನನ್ನ ಮನೆಯ ನೆಲದ ಮೇಲೆ ಕೂತು ಯಾಮ್ನಾ ಹೇಳುತ್ತಿದ್ದಳು.

ನಮ್ಮ ಹಲಗೆಯಲ್ಲಿ ಐದು ರೊಟ್ಟಿ ಬರುತ್ತಿತ್ತು. ನಾನು, ನನ್ನ ತಾಯಿ, ಇಬ್ಬರು ಗಂಡುಮಕ್ಕಳು, ಬತೂಲ್. ಐದು. ಎಲ್ಲ ಮನೆಯಂತೆ ನಮ್ಮದರಲ್ಲೂ ಮೊದಲು ಆರನೆಯದೊಂದು ಸೊಟ್ಟ ರೊಟ್ಟಿ ಇತ್ತು. ಮಳೆಯಿಲ್ಲದೆ ಹಿಟ್ಟು ತುಟ್ಟಿಯಾದ ವರ್ಷ ಅದು ನಿಂತಿತು. ಹಿಟ್ಟು ಅಗ್ಗವಾದ ಮೇಲೂ ವಾಪಸು ಬರಲಿಲ್ಲ. ಅವಳ ಐದು ರೊಟ್ಟಿಯನ್ನು ದಿನಾ ಎಡಮೂಲೆಗೆ ತಳ್ಳಿದವನು ನಾನು, ದಿನಾ ತೆಗೆದವನು ನಾನು. ಓಣಿಯಲ್ಲಿ ಯಾರ ಮನೆಯಲ್ಲಿ ಎಷ್ಟು ಬಾಯಿ, ಯಾರಿಗೆ ಎಷ್ಟು ರೊಟ್ಟಿ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದೆ. ನನ್ನ ಮನೆಯಲ್ಲಿ ಆರು ಬಾಯಿ ಎಂದು ಹನ್ನೆರಡು ವರ್ಷ ನನಗೆ ಹೊಳೆಯಲಿಲ್ಲ. ಒಂದು ಚಳಿಗಾಲದಲ್ಲಿ ಜ್ವರ ಬಂತು, ಎಲ್ಲರಿಗೂ ಬರುವ ಜ್ವರವೇ. ಡಾಕ್ಟರು ಅವಳ ಕಣ್ಣ ರೆಪ್ಪೆ ಎಳೆದು ನೋಡಿ, ಮೈಯಲ್ಲಿ ರಕ್ತವೇ ಇಲ್ಲ, ತಡೆಯುವುದು ಹೇಗೆ ಅಂದರು. ಹಣೆಬರಹ ಅಂದುಕೊಂಡೆವು. ರೊಟ್ಟಿಯ ಕಾವಿನ ಪಕ್ಕದಲ್ಲೇ ನಾನು ಅವಳನ್ನು ಹಸಿವಿನಲ್ಲಿ ಕಳೆದುಕೊಂಡೆ. ಇದನ್ನು ಹೀಗೆ ನೆಟ್ಟಗೆ ಹೇಳಲು ಹನ್ನೊಂದು ವರ್ಷ ಬೇಕಾಯಿತು.

ಬೆನ್ನ ಹಿಂದಿನ ಗಂಟು ಬಿಚ್ಚಿದೆ. ಐದೂ ರೊಟ್ಟಿಯನ್ನು ಮೇಜಿನ ಮೇಲೆ ಬತೂಲಳ ಎದುರಿಗೆ ಇಟ್ಟೆ. ಮೊದಲ ದಿನದ್ದನ್ನು ಎತ್ತಿ ಮುರಿದೆ. ಐದು ದಿನದ ರೊಟ್ಟಿಯ ಒಳಗಿನಿಂದ ಹಬೆ ಎದ್ದು ಎಲ್ಲರ ಮುಖಕ್ಕೆ ಬಡಿಯಿತು. ಜವಾದ್ ಹಿಂದಕ್ಕೆ ಸರಿದ. ಲಲ್ಲಾ ಸ್ಫಿಯಾ ಮಕ್ಕಳಿಬ್ಬರನ್ನೂ ಹತ್ತಿರಕ್ಕೆ ಎಳೆದುಕೊಂಡು ದೇವರ ಹೆಸರು ಹೇಳಿದಳು.

"ನಾನು ನಾದಿದ್ದಲ್ಲ," ಅಂದೆ. "ಗುರುತು ನೋಡು."

ಬತೂಲ್ ಬಗ್ಗಿದಳು. ಉಂಗುರವನ್ನು ನೋಡಿದಳು, ಬಾಯಿ ಬಿಟ್ಟ ಕಡೆಯನ್ನು ಉಗುರಿನಿಂದ ಮುಟ್ಟಿದಳು. ಜೇಬಿನಿಂದ ಟೋಪಿ ತೆಗೆದು ಪಕ್ಕದಲ್ಲಿಟ್ಟೆ. ಅವಳು ಅದನ್ನು ಮುಟ್ಟಲಿಲ್ಲ. ಚಿಕ್ಕಂದಿನಲ್ಲಿ ಅದನ್ನು ಬೆರಳಿಗೆ ಹಾಕಿಕೊಂಡು ನನ್ನ ತಲೆಗೆ ಕುಟ್ಟುತ್ತಿದ್ದವಳು ಅವಳು.

"ಇದು ಎಲ್ಲಿಂದ ಬರ್ತಿದೆ ಅಪ್ಪಾ?"

"ಎಡಮೂಲೆಯಿಂದ."

"ನನಗ್ಯಾಕೆ?"

"ನಿನ್ನ ಎಣಿಸೋರು ಯಾರೂ ಇಲ್ಲ ಅಂತ ಗೊತ್ತಾಗಿರಬೇಕು ನಿಮ್ಮಮ್ಮನಿಗೆ. ಗೊತ್ತಿರೋಳೇ ತಾನೆ." ಟೋಪಿಯನ್ನು ಅವಳ ಕಡೆಗೆ ಸರಿಸಿದೆ. "ಕಡಿಮೆ ಮಾಡು ಕಂದಾ. ಒಳ್ಳೇ ಕೆಲಸ ಅದು. ಕುರಿಗೆ ಹೋಗೋದನ್ನ ಕಡಿಮೆ ಮಾಡು, ನನ್ನ ಸೌದೆ ಕಡಿಮೆ ಮಾಡು. ನಿನ್ನ ಕಡಿಮೆ ಮಾಡ್ಬೇಡ."

ಅವಳು ತುಂಡು ಎತ್ತಿಕೊಂಡಳು. ಬಾಯಿಗಿಟ್ಟಳು. ಮೊದಲ ತುತ್ತು ನಿಧಾನಕ್ಕೆ ಅಗಿದಳು, ಆಮೇಲೆ ಎರಡೂ ಕೈಯಲ್ಲಿ ಹಿಡಿದು ತಿಂದಳು, ಉಪ್ಪಿಲ್ಲದೆ, ಎಣ್ಣೆಯಿಲ್ಲದೆ, ಕಣ್ಣೀರು ಒರೆಸಿಕೊಳ್ಳದೆ. ಒಂದು ಮುಗಿಸಿ ಇನ್ನೊಂದಕ್ಕೆ ಕೈ ಹಾಕಿದಳು. ಯಾರೂ ತಡೆಯಲಿಲ್ಲ. ಇಲ್ಯಾಸ್ ಮಾತ್ರ, "ಅಮ್ಮನೂ ರೊಟ್ಟಿ ತಿಂತಾಳೆ," ಅಂದ. ಅವನಿಗೆ ಅದು ಹೊಸ ಸುದ್ದಿಯಾಗಿತ್ತು. ಜವಾದ್ ಎದ್ದು ಉಪ್ಪು ತಂದ, ನೀರು ತಂದ, ಏನು ಮಾಡಬೇಕೆಂದು ತಿಳಿಯದೆ ಅವಳ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ.

ಮರುದಿನ ಬೆಳಗ್ಗೆ ಅವಳ ಹಲಗೆ ಬಂತು. ಐದು ರೊಟ್ಟಿ. ನಾಲ್ಕರ ಮೇಲೆ ಎರಡೆರಡು ಗುಳಿ, ಐದನೆಯದರ ಮೇಲೂ ಎರಡು ಗುಳಿ. ಸೊಟ್ಟಗಿರಲಿಲ್ಲ, ಉಳಿದವುಗಳಷ್ಟೇ ದೊಡ್ಡದಾಗಿ ದುಂಡಗಿತ್ತು. ಐದನ್ನೂ ಬಲಗಡೆಗೆ ಇಟ್ಟೆ, ಐದನ್ನೂ ತೆಗೆದೆ. ಎಡಮೂಲೆಗೆ ಸಲಿಕೆ ಹಾಕಿದೆ.

ಸಲಿಕೆ ಹಗುರವಾಗಿ ಬಂತು.

ಮತ್ತೆ ಹಾಕಿದೆ. ತಲೆ ಒಳಗೆ ತೂರಿಸಿ, ಹುಬ್ಬಿನ ಕೂದಲು ಸುಟ್ಟ ವಾಸನೆ ಬರುವವರೆಗೆ ನೋಡಿದೆ. ಇಟ್ಟಿಗೆ, ಬೂದಿ, ಅಷ್ಟೇ. ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಐದು ದಿನ ಹೆದರಿ ಸತ್ತೆನಲ್ಲ, ಆ ಐದು ದಿನವೂ ಯಾಮ್ನಾ ಅಲ್ಲಿದ್ದಳು. ಮೂಲೆಯಲ್ಲಿ, ನಾನೇ ತಳ್ಳಿದ ಜಾಗದಲ್ಲಿ. ಒಂದು ಮಾತು ಆಡಿಸಬಹುದಿತ್ತು. ನಾನು ಜೇಬಿನಲ್ಲಿ ಕೈಯಿಟ್ಟುಕೊಂಡು ಕಳ್ಳನನ್ನು ಹಿಡಿಯುವವನ ಹಾಗೆ ಕಾಯುತ್ತಿದ್ದೆ.

ಹಲಗೆಗಳೆಲ್ಲ ಹೋದ ಮೇಲೆ ಸೊಸೆಯನ್ನು ಕರೆದು ಒಂದು ಬೊಗಸೆ ಹಿಟ್ಟು ಕೇಳಿದೆ. "ಯಾಕೆ ಮಾವ?" ಅಂದಳು. "ನಾದ್ಬೇಕು," ಅಂದೆ. ನಗು ತಡೆದುಕೊಂಡು ಹಿಟ್ಟು, ಉಪ್ಪು, ಒಂದು ಚೂರು ಹುಳಿ ತಂದುಕೊಟ್ಟಳು. ಅರವತ್ತಾರನೆಯ ವಯಸ್ಸಿನಲ್ಲಿ ಮೊದಲ ಸಲ ಹಿಟ್ಟಿಗೆ ಕೈ ಹಾಕಿದೆ. ಬೆರಳಿಗೆಲ್ಲ ಅಂಟಿತು, ಅಂಗೈಯಿಂದ ಬಿಡಲಿಲ್ಲ. ಎಷ್ಟು ನಾದಿದರೂ ಸಾಲದು. ಒಂದು ರೊಟ್ಟಿಗೆ ನನ್ನ ತೋಳು ಬಿದ್ದುಹೋಯಿತು. ದಿನಕ್ಕೆ ಐದರಂತೆ ಅವಳು ಎಷ್ಟು ವರ್ಷ ನಾದಿದಳೋ. ಉಬ್ಬಲು ಬಿಟ್ಟು, ತಟ್ಟಿ, ಬೆರಳಿನ ಟೋಪಿಯ ಬಾಯಿಂದ ನಡುವಿಗಿಂತ ಸ್ವಲ್ಪ ಪಕ್ಕಕ್ಕೆ ಒತ್ತಿದೆ. ಬಲಗಡೆ ಕಾವು ಚೆನ್ನಾಗಿರುತ್ತದೆ. ಅವಳಿಗೆ ಹುಡುಕಲು ಕಷ್ಟವಾಗದಿರಲಿ ಎಂದು ಎಡಮೂಲೆಗೇ ಇಟ್ಟೆ.

ಬೇಯುವಷ್ಟು ಹೊತ್ತು ಬಿಟ್ಟೆ. ಇನ್ನೂ ಸ್ವಲ್ಪ ಹೊತ್ತು ಬಿಟ್ಟೆ. ಸಂಜೆಯ ಬಾಂಗು ಆಯಿತು. ಸಲಿಕೆ ಒಳಗೆ ಹಾಕಿ ಮೂಲೆಯುದ್ದಕ್ಕೂ ಎಳೆದೆ. ರೊಟ್ಟಿಯಿರಲಿಲ್ಲ. ಸುಟ್ಟ ಚೂರಿರಲಿಲ್ಲ, ಪುಡಿಯೂ ಇರಲಿಲ್ಲ. ನಲವತ್ತೊಂದು ವರ್ಷದಲ್ಲಿ ನನ್ನ ಭಟ್ಟಿಯಲ್ಲಿ ಕಳೆದುಹೋದ ಮೊದಲ ರೊಟ್ಟಿ ಅದು. ತಗಡು ಮುಚ್ಚಿ, ಕೈ ತೊಳೆಯದೆ, ಬೆರಳಿಗೆ ಅಂಟಿದ ಹಿಟ್ಟನ್ನು ಹಾಗೇ ಇಟ್ಟುಕೊಂಡು ಮನೆಗೆ ಹೋದೆ.